ಲೇತ್ ಮುಂದೆ ಹೊಸದಾಗಿ ನಿಂತೋರಿಗೆ: ಚಕ್ ಕೀ ಇಂದ ಮೊದಲ ಸ್ಟೆಪ್ ಪಿನ್ ತನಕ

ಲೇತ್ ಕಲಿಯೋಕೆ ಬಂದೋರು ಮೊದ್ಲು ಕೇಳೋದೇ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಇಡ್ಲಿ, ಎಷ್ಟು ಕಟ್ ಕೊಡ್ಲಿ ಅಂತ. ಅದೂ ಬೇಕು, ಮುಂದೆ ಹೇಳ್ತೀನಿ. ಆದ್ರೆ ನನ್ನ ಪ್ರಕಾರ ಜಾಬ್ (ಕಟ್ ಮಾಡೋ ತುಂಡು) ಚೆನ್ನಾಗಿ ಬರುತ್ತಾ ಕೆಡುತ್ತಾ ಅನ್ನೋದು ಮೋಟರ್ ಆನ್ ಮಾಡೋಕೆ ಮುಂಚೇನೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತೆ. ಜಾಬ್ ಹೇಗೆ ಹಿಡಿದಿದೀರಿ, ಚಕ್ಕಿಂದ (ಜಾಬನ್ನ ಹಿಡ್ಕೊಂಡು ತಿರುಗೋ ಭಾಗ) ಎಷ್ಟು ಆಚೆ ಬಿಟ್ಟಿದೀರಿ, ಟೂಲ್ ತುದಿ ಸೆಂಟರ್ ಹೈಟಲ್ಲಿ ಇದೆಯಾ, ಟೂಲ್ ಪೋಸ್ಟಿಂದ ಟೂಲ್ ಎಷ್ಟು ಉದ್ದ ಚಾಚಿದೆ, ಈ ನಾಲ್ಕು ಸರಿ ಇದ್ರೆ ಸ್ಪೀಡು ಒಂಚೂರು ಹೆಚ್ಚುಕಮ್ಮಿ ಆದ್ರೂ ನಡೀತದೆ. ಈ ನಾಲ್ಕರಲ್ಲಿ ಒಂದು ತಪ್ಪಿದ್ರೂ ಎಷ್ಟೇ ಕರೆಕ್ಟ್ ಆರ್‌ಪಿಎಂ ಇಟ್ರೂ ಫಿನಿಶ್ ಬರಲ್ಲ. ಅದಕ್ಕೇ ಇಲ್ಲಿ ಸೆಟ್ಟಿಂಗ್ ಬಗ್ಗೆನೇ ಜಾಸ್ತಿ ಬರೆದಿದೀನಿ.

ಮೊದ್ಲು ಮೈಕೈ ಉಳಿಸ್ಕೊಳ್ಳೋ ಮಾತು

ಲೇತ್ ಹತ್ರ ಗ್ಲೌಸ್ ಹಾಕ್ಬೇಡಿ. ಬೇರೆ ಎಷ್ಟೋ ಕೆಲ್ಸದಲ್ಲಿ ಗ್ಲೌಸ್ ಕೈ ಕಾಪಾಡುತ್ತೆ, ಇಲ್ಲಿ ಅದೇ ಕೈಯನ್ನ ಒಳಗೆ ಎಳೆಯುತ್ತೆ, ಯಾಕಂದ್ರೆ ತಿರುಗೋ ಜಾಬ್‌ಗೆ ಬಟ್ಟೆ ಒಂದು ಎಳೆ ಸಿಕ್ಕಿದ್ರೂ ಸಾಕು, ಬಿಡಿಸ್ಕೊಳ್ಳೋಕೆ ಟೈಮೇ ಸಿಗಲ್ಲ. ಉಂಗುರ, ವಾಚು, ಬಳೆ, ಕೈಗೆ ಕಟ್ಟಿದ ದಾರ, ಕೊರಳಲ್ಲಿ ಸರ, ಐಡಿ ಕಾರ್ಡ್ ಟ್ಯಾಗ್, ದುಪಟ್ಟಾ ಎಲ್ಲಾ ತೆಗೆದಿಟ್ಟು ಬನ್ನಿ, ತುಂಬುತೋಳಿನ ಶರ್ಟ್ ಆದ್ರೆ ಮೊಣಕೈ ಮೇಲಕ್ಕೆ ಗಟ್ಟಿಯಾಗಿ ಮಡಚಿ, ಉದ್ದ ಕೂದ್ಲಿದ್ರೆ ಕಟ್ಟಿ ಟೋಪಿ ಒಳಗೆ ಸೇರಿಸಿ. ಕಣ್ಣಿಗೆ ಸೇಫ್ಟಿ ಗ್ಲಾಸು ಯಾವಾಗ್ಲೂ ಇರ್ಬೇಕು, ಒಂದೇ ಒಂದು ಸಣ್ಣ ಕಟ್ ಆದ್ರೂ ಸರಿ.

ಆಮೇಲೆ ಚಕ್ ಕೀ, ಅಂದ್ರೆ ಚಕ್ ಬಿಗಿ ಮಾಡೋ, ಸಡಿಲ ಮಾಡೋ ಕೀ. ಚಕ್ ಕೀ ಚಕ್ಕಲ್ಲಿ ಇರೋವಾಗ ಕೈ ಅದರ ಮೇಲೇ ಇರ್ಬೇಕು, ಕೈ ತೆಗೀತೀರಾ ಅಂದ್ರೆ ಕೀನೂ ಹೊರಗೆ ಬರ್ಬೇಕು. ಒಂದು ಸೆಕೆಂಡ್ ವರ್ನಿಯರ್ ತಗೊಂಡು ಬರ್ತೀನಿ ಅಂತ ಕೀ ಅಲ್ಲೇ ಬಿಟ್ಟು ತಿರುಗೋ ಅಭ್ಯಾಸ ಮಾಡ್ಕೊಂಡ್ರೆ ಯಾವತ್ತೋ ಒಂದಿನ ಅದು ಹಾಗೇ ಇರೋವಾಗ ಮಷೀನ್ ಆನ್ ಆಗುತ್ತೆ, ಅಷ್ಟು ತೂಕದ ಕಬ್ಬಿಣ ಯಾವ ಕಡೆ ಹಾರುತ್ತೆ ಅಂತ ಯಾರಿಗೂ ಹೇಳೋಕಾಗಲ್ಲ. ಮೊದಲ ದಿನದಿಂದಲೇ ಈ ಅಭ್ಯಾಸ ಕೈಗೆ ಹತ್ತಿಸ್ಕೊಳ್ಳಿ.

ಆನ್ ಮಾಡೋವಾಗ ಚಕ್‌ನ ನೇರಕ್ಕೆ ನಿಲ್ಬೇಡಿ, ಸ್ವಲ್ಪ ಟೇಲ್‌ಸ್ಟಾಕ್ (ಚಕ್ ಎದುರಿನ ತುದಿಯ ಭಾಗ) ಕಡೆ ಸರಿದು ನಿಂತ್ಕೊಳ್ಳಿ. ಜಾಬ್ ಕಟ್ಟಿದ ಮೇಲೆ ಪ್ರತಿ ಸಲ ಚಕ್ಕನ್ನ ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ಅದರ ಜಾ (ಜಾಬ್ ಕಚ್ಚಿ ಹಿಡಿಯೋ ಹಲ್ಲು) ಎಲ್ಲೂ ಟೂಲ್ ಪೋಸ್ಟಿಗೋ ಸ್ಲೈಡಿಗೋ ತಾಗಲ್ಲ ಅಂತ ನೋಡಿ, ಆಮೇಲೇ ಸ್ವಿಚ್. ಚಿಪ್ಸ್ ಕೈಯಲ್ಲಿ ಎಳೀಬೇಡಿ, ಸ್ಟೀಲಿನ ಉದ್ದ ಚಿಪ್ಪು ಬ್ಲೇಡ್ ಥರ ಹರಿತ, ಸುಡ್ತಾನೂ ಇರುತ್ತೆ. ಮಷೀನ್ ನಿಲ್ಲಿಸಿ ಹುಕ್ಕಲ್ಲೋ ಬ್ರಷ್ಷಲ್ಲೋ ತೆಗೀಬೇಕು. ಎಮರಿ ಬಟ್ಟೆ ಹಿಡಿಯೋದಾದ್ರೆ ಬೆರಳಿಗೆ ಸುತ್ಕೊಳ್ಳೋದು ಬೇಡವೇ ಬೇಡ, ಎರಡು ತುದಿ ಎರಡು ಕೈಯಲ್ಲಿ ಸಡಿಲವಾಗಿ ಹಿಡೀರಿ, ಸಿಕ್ಕಿಹಾಕ್ಕೊಂಡ್ರೆ ಕೈ ಬಿಟ್ಟುಬಿಡೋ ಹಾಗಿರ್ಬೇಕು.

ಇನ್ನೊಂದು ತುಂಬಾ ಜನಕ್ಕೆ ಹೊಳೆಯದೇ ಇರೋ ಅಪಾಯ ಇದೆ. ಸಣ್ಣ ಡಯಾ (ವ್ಯಾಸ) ಇರೋ ಉದ್ದ ರಾಡನ್ನ ಸ್ಪಿಂಡಲ್ (ಚಕ್ ತಿರುಗಿಸೋ ಪೊಳ್ಳು ಶಾಫ್ಟ್) ಒಳಗಿಂದ ತೂರಿಸಿ ಹೆಡ್‌ಸ್ಟಾಕ್ (ಸ್ಪಿಂಡಲ್ ಇರೋ ಭಾಗ) ಹಿಂದೆ ಎರಡಡಿ ಹೊರಗೆ ಬಿಟ್ಟು ಜೋರು ಸ್ಪೀಡಲ್ಲಿ ತಿರುಗಿಸಿದ್ರೆ ಆ ತುದಿ ಒಮ್ಮೆಲೇ ಬಗ್ಗಿ ಚಾಟಿ ಥರ ಬೀಸೋಕೆ ಶುರು ಮಾಡುತ್ತೆ, ಹಿಂದೆ ಯಾರಾದ್ರೂ ನಿಂತಿದ್ರೆ ಮುಗೀತು. ರಾಡನ್ನ ಮೊದ್ಲು ಕತ್ತರಿಸ್ಕೊಳ್ಳಿ, ಇಲ್ಲಾಂದ್ರೆ ಹಿಂದೆ ಸಪೋರ್ಟ್ ಕೊಡಿ.

ಮಷೀನ್ ಆಫ್ ಇರೋವಾಗ್ಲೇ ಕೈ ಪಳಗಿಸಿ

ಪವರ್ ಆಫ್ ಇಟ್ಟು ಎಲ್ಲಾ ಹ್ಯಾಂಡಲ್ ತಿರುಗಿಸಿ ನೋಡಿ. ದೊಡ್ಡ ವೀಲು ಕ್ಯಾರೇಜನ್ನ (ಟೂಲ್ ಹೊತ್ತಿರೋ ಭಾಗ) ಬೆಡ್ ಉದ್ದಕ್ಕೆ ಓಡಿಸುತ್ತೆ, ಕ್ರಾಸ್ ಸ್ಲೈಡ್ ಜಾಬ್ ಒಳಕ್ಕೆ ಹೊರಕ್ಕೆ, ಅದರ ಮೇಲಿರೋ ಕಂಪೌಂಡನ್ನ ಯಾವ ಕೋನಕ್ಕೆ ಬೇಕಾದ್ರೂ ತಿರುಗಿಸ್ಬೋದು. ಎಡಗೈ ಯಾವುದರ ಮೇಲೆ, ಬಲಗೈ ಯಾವುದರ ಮೇಲೆ ಅಂತ ನೋಡದೇ ಗೊತ್ತಾಗೋ ತನಕ ಮಾಡಿ. ಎಮರ್ಜೆನ್ಸಿ ಸ್ಟಾಪ್ ಕಣ್ಮುಚ್ಚಿ ಹೊಡೆಯೋಕೆ ಬರ್ಬೇಕು. ಗೇರ್ ಲಿವರ್ ಮಷೀನ್ ಓಡ್ತಿರೋವಾಗ ಬದಲಾಯಿಸ್ಬೇಡಿ.

ಈಗ ಎರಡು ವಿಷಯ ಚೆನ್ನಾಗಿ ಅರ್ಥ ಮಾಡ್ಕೊಳ್ಬೇಕು. ಒಂದು ಬ್ಯಾಕ್‌ಲ್ಯಾಶ್. ಕ್ರಾಸ್ ಸ್ಲೈಡ್ ಹ್ಯಾಂಡಲ್ ಒಳಕ್ಕೆ ತಿರುಗಿಸಿ ಆಮೇಲೆ ವಾಪಸ್ ತಿರುಗಿಸಿದ್ರೆ ಸ್ವಲ್ಪ ದೂರ ಡಯಲ್ ಮಾತ್ರ ತಿರುಗುತ್ತೆ, ಸ್ಲೈಡ್ ಅಲ್ಲಾಡಲ್ಲ, ಅದು ಸ್ಕ್ರೂ ನಟ್ ಮಧ್ಯದ ಸಡಿಲ. ಸ್ವಲ್ಪ ಎಲ್ಲಾ ಮಷೀನಲ್ಲೂ ಇರುತ್ತೆ, ಹೆದರೋದು ಬೇಡ, ಆದ್ರೆ ಅಳತೆಗೆ ಯಾವಾಗ್ಲೂ ಒಂದೇ ದಿಕ್ಕಿಂದ ಬರ್ಬೇಕು. ಬೇಕಾದ ನಂಬರ್ ದಾಟಿ ಹೋದ್ರೆ ಬರೀ ಅಷ್ಟೇ ವಾಪಸ್ ತಿರುಗಿಸಿದ್ರೆ ಪ್ರಯೋಜನ ಇಲ್ಲ, ಅರ್ಧ ಸುತ್ತು ಪೂರ್ತಿ ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ ಹೋಗಿ ನಂಬರ್ ಹಿಡೀಬೇಕು. ಎರಡನೇದು ನಿಮ್ಮ ಡಯಲ್ ಡಯಾ ತೋರಿಸುತ್ತಾ ಇಲ್ಲಾ ರೇಡಿಯಸ್ ತೋರಿಸುತ್ತಾ ಅನ್ನೋದು. ಕೆಲವು ಮಷೀನಲ್ಲಿ 1 ಎಂಎಂ ಕೊಟ್ರೆ ಡಯಾ 1 ಎಂಎಂ ಇಳಿಯುತ್ತೆ, ಕೆಲವಲ್ಲಿ 2 ಎಂಎಂ ಇಳಿಯುತ್ತೆ. ಯಾರನ್ನೂ ಕೇಳೋದು ಬೇಡ, ಮೊದಲ ಸಲ ಕಟ್ ಮಾಡೋವಾಗ ಡಯಲ್‌ನಲ್ಲಿ 0.25 ಕೊಟ್ಟು ಡಯಾ ಅಳೀರಿ, 0.5 ಇಳಿದಿದ್ರೆ ಅದು ರೇಡಿಯಸ್ ಡಯಲ್.

ಜಾಬ್ ಹಿಡಿಯೋದು

ತ್ರೀ ಜಾ ಚಕ್ಕಲ್ಲಿ ಮೂರೂ ಜಾ ಒಟ್ಟಿಗೆ ಬರುತ್ತೆ, ರೌಂಡ್ ರಾಡನ್ನ ತಾನೇ ಸೆಂಟರಿಗೆ ಹಿಡಿಯುತ್ತೆ, ಕಲಿಯೋರಿಗೆ ಇದೇ ಸಾಕು. ಆದ್ರೆ ಪೂರ್ತಿ ಟ್ರೂ (ತಿರುಗೋ ಅಕ್ಷಕ್ಕೆ ಸರಿಯಾಗಿ) ಹಿಡಿಯುತ್ತೆ ಅಂತ ನಂಬ್ಬೇಡಿ, ಸಾಮಾನ್ಯ ಚಕ್ಕಲ್ಲಿ 0.05 ಇಂದ 0.1 ಎಂಎಂ ಔಟ್ ಇರೋದು ಮಾಮೂಲಿ. ಹಾಗಾದ್ರೆ ಲೇತಲ್ಲಿ ಟ್ರೂ ಜಾಬ್ ಹೇಗೆ ಬರುತ್ತೆ ಅಂದ್ರೆ, ಒಂದೇ ಹಿಡಿತದಲ್ಲಿ ಕಟ್ ಮಾಡಿದ್ದೆಲ್ಲಾ ಸ್ಪಿಂಡಲ್ ತಿರುಗೋ ಅಕ್ಷಕ್ಕೇ ಕಟ್ ಆಗಿರುತ್ತೆ, ಹಾಗಾಗಿ ಒಂದಕ್ಕೊಂದು ಟ್ರೂ ಇರುತ್ತೆ. ಜಾಬ್ ಬಿಚ್ಚಿ ತಿರುಗಿ ಹಾಕಿದ್ರೋ ಆ ಸಂಬಂಧ ಹೋಯ್ತು. ಅದಕ್ಕೆ ಜಾಬ್ ಕಟ್ಟೋ ಮೊದ್ಲೇ ಕೂತು ಯೋಚನೆ ಮಾಡಿ, ಯಾವ ಯಾವ ಡಯಾ, ಯಾವ ಹೋಲ್ ಒಂದಕ್ಕೊಂದು ಸರಿ ಬರ್ಬೇಕೋ ಅದನ್ನೆಲ್ಲಾ ಒಂದೇ ಸೆಟ್ಟಿಂಗಲ್ಲಿ ಮುಗಿಸೋ ಹಾಗೆ ಪ್ಲ್ಯಾನ್ ಹಾಕಿ. ಅನುಭವ ಇರೋರ ಕೆಲ್ಸ ಅಷ್ಟು ಸಲೀಸಾಗಿ ಸಾಗೋಕೆ ಈ ಪ್ಲ್ಯಾನೇ ದೊಡ್ಡ ಕಾರಣ.

ಬಿಚ್ಚಿದ ಜಾಬನ್ನ ಮತ್ತೆ ಟ್ರೂ ಹಿಡೀಲೇಬೇಕು ಅಂದ್ರೆ ಫೋರ್ ಜಾ ಚಕ್ ಬೇಕು, ಅದರಲ್ಲಿ ನಾಲ್ಕೂ ಜಾ ಬೇರೆ ಬೇರೆ ಓಡುತ್ತೆ. ಚಕ್ ಮುಖದ ಮೇಲಿರೋ ವೃತ್ತದ ಗೆರೆ ನೋಡಿ ಅಂದಾಜಿಗೆ ಸೆಂಟರಿಗೆ ತನ್ನಿ, ಆಮೇಲೆ ಡಯಲ್ ಗೇಜ್ ಇಡಿ. ಒಂದು ಜಾ ಎದುರು ಬಂದಾಗ ರೀಡಿಂಗ್ ನೋಡಿ, ಅರ್ಧ ಸುತ್ತು ತಿರುಗಿಸಿ ಎದುರು ಜಾ ರೀಡಿಂಗ್ ನೋಡಿ, ಎರಡರ ವ್ಯತ್ಯಾಸದ ಅರ್ಧ ಮಾತ್ರ ಸರಿಸ್ಬೇಕು. ಮೊದ್ಲು ಒಂದು ಜೋಡಿ ಮುಗಿಸಿ, ಆಮೇಲೆ ಇನ್ನೊಂದು ಜೋಡಿ, ಸುತ್ತಿ ಸುತ್ತಿ ನಾಲ್ಕಕ್ಕೂ ಕೈ ಹಾಕಿದ್ರೆ ಸಂಜೆ ತನಕ ಮುಗಿಯಲ್ಲ. ಒಂದು ಕಡೆ ಸಡಿಲ ಮಾಡಿ ಎದುರು ಕಡೆ ಬಿಗಿ ಮಾಡ್ತಾ ಬನ್ನಿ, ಶುರುವಲ್ಲಿ ಅರ್ಧ ಗಂಟೆ ಹಿಡಿದ್ರೂ ಬೇಜಾರಾಗ್ಬೇಡಿ, ಕೈಗೆ ಹತ್ತಿದ ಮೇಲೆ ಐದು ನಿಮಿಷದ ಕೆಲ್ಸ.

ಚಕ್ಕಿಂದ ಜಾಬ್ ಎಷ್ಟು ಆಚೆ ಇರ್ಬೋದು ಅನ್ನೋದಕ್ಕೆ ನಾನು ಇಟ್ಕೊಂಡಿರೋ ಲೆಕ್ಕ ಡಯಾದ ಮೂರು ಪಟ್ಟು. 25 ಎಂಎಂ ರಾಡ್ ಅಂದ್ರೆ 75 ಎಂಎಂ. ಅದಕ್ಕಿಂತ ಉದ್ದ ಬೇಕಂದ್ರೆ ತುದಿಗೆ ಸೆಂಟರ್ ಡ್ರಿಲ್ ಹಾಕಿ ಟೇಲ್‌ಸ್ಟಾಕ್ ಸೆಂಟರ್ ಕೊಡಿ. ಆ ಸೆಂಟರ್ 60 ಡಿಗ್ರಿ ಇರುತ್ತೆ, ಲೈವ್ ಸೆಂಟರ್ ಜಾಬ್ ಜೊತೆ ತಾನೂ ತಿರುಗುತ್ತೆ, ಡೆಡ್ ಸೆಂಟರ್ ಆದ್ರೆ ಗ್ರೀಸ್ ಹಾಕ್ತಾ ಇರ್ಬೇಕು ಇಲ್ಲಾಂದ್ರೆ ಸುಟ್ಟುಹೋಗುತ್ತೆ.

ಚಕ್ ಬದಲಾಯಿಸೋವಾಗ ಬೆಡ್ ಮೇಲೆ ಒಂದು ಮರದ ಹಲಗೆ ಇಡಿ. ಜಾರಿ ಬಿದ್ರೆ ಬೆಡ್ಡೂ ಉಳಿಯುತ್ತೆ, ಬೆರಳೂ ಉಳಿಯುತ್ತೆ.

ಟೂಲು ಮತ್ತೆ ಸೆಂಟರ್ ಹೈಟು

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಂದ ಶುರು ಮಾಡಿ ಅಂತ ನನ್ನ ಸಲಹೆ. ಕಾರ್ಬೈಡ್ ಇನ್ಸರ್ಟ್ ಸುಲಭ ನಿಜ, ಗ್ರೈಂಡ್ ಮಾಡೋ ತಾಪತ್ರಯ ಇಲ್ಲ, ಆದ್ರೆ ಅದು ಜೋರು ಸ್ಪೀಡು, ಗಟ್ಟಿ ಮಷೀನು, ಒಳ್ಳೆ ಕಟ್ಟು ಕೇಳುತ್ತೆ, ಸಣ್ಣ ಬೆಂಚ್ ಲೇತಲ್ಲಿ ಅದಕ್ಕೆ ಬೇಕಾದ್ದು ಸಿಗಲ್ಲ, ಕಟ್ ಮಧ್ಯದಲ್ಲಿ ಜಾಬ್ ನಿಂತ್ರೆ ತುದಿ ಚೂರಾಗಿಬಿಡುತ್ತೆ. ಎಚ್‌ಎಸ್‌ಎಸ್ ನಾವೇ ಗ್ರೈಂಡ್ ಮಾಡಿದ್ರೆ ಟೂಲ್ ಯಾಕೆ ಕಟ್ ಮಾಡುತ್ತೆ ಅನ್ನೋದೇ ಅರ್ಥ ಆಗುತ್ತೆ. ಎಂಎಸ್‌ಗೆ (ಮೈಲ್ಡ್ ಸ್ಟೀಲ್) ಮುಂದೆ ಮತ್ತೆ ಪಕ್ಕದಲ್ಲಿ 8 ಇಂದ 10 ಡಿಗ್ರಿ ಕ್ಲಿಯರೆನ್ಸ್ (ಟೂಲ್ ಜಾಬ್‌ಗೆ ಉಜ್ಜದ ಹಾಗೆ ಬಿಡೋ ಓರೆ), ಮೇಲೆ ಸೈಡ್ ರೇಕ್ (ಚಿಪ್ಪು ಜಾರಿಹೋಗೋ ಮುಖದ ಓರೆ) 12 ಡಿಗ್ರಿ ಆಸುಪಾಸು, ಮೂಗಿಗೆ ಆಯಿಲ್ ಸ್ಟೋನಲ್ಲಿ ಸಣ್ಣ ರೇಡಿಯಸ್. ಹಿತ್ತಾಳೆಗೆ ರೇಕ್ ಸೊನ್ನೆ ಇಡಿ, ರೇಕ್ ಇದ್ರೆ ಟೂಲ್ ತಾನಾಗೇ ಒಳಗೆ ಕಚ್ಚಿಕೊಂಡು ಹೋಗುತ್ತೆ.

ಸೆಂಟರ್ ಹೈಟ್ ಅಂದ್ರೆ ಟೂಲ್ ತುದಿ ಸ್ಪಿಂಡಲ್ ಅಕ್ಷದ ಎತ್ತರಕ್ಕೇ ಇರೋದು. ಕೆಳಗಿದ್ರೆ ಜಾಬ್ ಟೂಲ್ ಮೇಲೆ ಹತ್ತೋಕೆ ನೋಡುತ್ತೆ, ಮೇಲಿದ್ರೆ ಟೂಲ್ ಕಟ್ ಮಾಡೋ ಬದಲು ಉಜ್ಜುತ್ತೆ. ನೋಡೋಕೆ ಸುಲಭದ ದಾರಿ ಇದೆ, ಮಷೀನ್ ಆಫ್ ಇಟ್ಟು ತೆಳು ಸ್ಟೀಲ್ ಸ್ಕೇಲನ್ನ ರೌಂಡ್ ರಾಡಿಗೂ ಟೂಲ್ ತುದಿಗೂ ಮಧ್ಯ ಮೆತ್ತಗೆ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಂತ್ರೆ ಸೆಂಟರ್ ಸರಿ. ಮೇಲಿನ ತುದಿ ನಿಮ್ಮ ಕಡೆ ವಾಲಿದ್ರೆ ಟೂಲ್ ಕೆಳಗಿದೆ, ಅಡಿಗೆ ತೆಳು ಪ್ಯಾಕಿಂಗ್ ಪಟ್ಟಿ ಹಾಕಿ ಎತ್ತಿ. ಆಚೆ ಕಡೆ ವಾಲಿದ್ರೆ ಮೇಲಿದೆ, ಇಳಿಸಿ. ಆಮೇಲೆ ಫೇಸಿಂಗ್ (ಜಾಬ್ ತುದಿಯ ಮುಖ ಸಮ ಮಾಡೋದು) ಮಾಡಿದಾಗ ಪೂರ್ತಿ ಖಾತ್ರಿ ಆಗುತ್ತೆ, ನಡುವಲ್ಲಿ ಸಣ್ಣ ಮೊಳೆ ಥರ ಉಳಿದ್ರೆ ಹೈಟ್ ಇನ್ನೂ ಸರಿಯಾಗಿಲ್ಲ ಅಂತ.

ಟೂಲನ್ನ ಪೋಸ್ಟಿಂದ ಎಷ್ಟು ಸಾಧ್ಯವೋ ಅಷ್ಟು ಕಮ್ಮಿ ಆಚೆ ಬಿಡಿ, ಟೂಲಿನ ದಪ್ಪದ ಒಂದೂವರೆ ಪಟ್ಟು ದಾಟ್ಬೇಡಿ.

ಸ್ಪೀಡಿನ ಲೆಕ್ಕ

ಮೆಟೀರಿಯಲ್ ಎಷ್ಟು ವೇಗಕ್ಕೆ ಕಟ್ ಆಗ್ಬೇಕು ಅನ್ನೋದು ನಿಮಿಷಕ್ಕೆ ಇಷ್ಟು ಮೀಟರ್ ಅಂತ ಇರುತ್ತೆ. ಎಚ್‌ಎಸ್‌ಎಸ್ ಟೂಲಲ್ಲಿ ಎಂಎಸ್‌ಗೆ 25 ರಿಂದ 30, ಎರಕದ ಕಬ್ಬಿಣಕ್ಕೆ 18-20, ಸ್ಟೇನ್‌ಲೆಸ್‌ಗೆ 12 ರಿಂದ 18, ಹಿತ್ತಾಳೆಗೆ 45-60, ಅಲ್ಯೂಮಿನಿಯಂಗೆ 60 ರಿಂದ ಮೇಲಕ್ಕೆ. ಆರ್‌ಪಿಎಂ ಬೇಕಂದ್ರೆ ಈ ನಂಬರನ್ನ 320ರಿಂದ ಗುಣಿಸಿ ಎಂಎಂ ಲೆಕ್ಕದ ಡಯಾದಿಂದ ಭಾಗಿಸಿ, ಅಷ್ಟೇ. 25 ಎಂಎಂ ಎಂಎಸ್ ರಾಡಿಗೆ 25 ಮೀಟರ್ ಅಂದ್ರೆ 320 ಆರ್‌ಪಿಎಂ, ಅದೇ 10 ಎಂಎಂ ರಾಡಿಗೆ 800. ಡಯಾ ಕಮ್ಮಿ ಆದಷ್ಟೂ ಆರ್‌ಪಿಎಂ ಜಾಸ್ತಿ. ಮಷೀನಲ್ಲಿ ಕರೆಕ್ಟ್ ನಂಬರ್ ಸಿಗದಿದ್ರೆ ಅದಕ್ಕಿಂತ ಕೆಳಗಿನದು ಇಡಿ.

ಚಿಪ್ಪಿನ ಬಣ್ಣನೂ ನೋಡ್ತಿರಿ. ಎಚ್‌ಎಸ್‌ಎಸ್‌ನಲ್ಲಿ ಸ್ಟೀಲ್ ಚಿಪ್ಸ್ ಬೆಳ್ಳಗೋ ತಿಳಿ ಹಳದಿಗೋ ಬರ್ಬೇಕು, ನೀಲಿ ಬಂತು ಅಂದ್ರೆ ಸ್ಪೀಡು ಜಾಸ್ತಿ ಆಯ್ತು, ಟೂಲ್ ಬೇಗ ಮೊಂಡಾಗುತ್ತೆ. ಕಾರ್ಬೈಡಲ್ಲಿ ನೀಲಿ ಬಂದ್ರೆ ಪರವಾಗಿಲ್ಲ. ಫೀಡ್, ಅಂದ್ರೆ ಜಾಬಿನ ಒಂದೊಂದು ಸುತ್ತಿಗೆ ಟೂಲ್ ಸರಿಯೋ ದೂರ, ರಫಿಂಗಲ್ಲಿ (ಮೊದಲ ಒರಟು ಕಟ್) 0.1 ರಿಂದ 0.2 ಎಂಎಂ, ಫಿನಿಶಿಂಗಲ್ಲಿ 0.05 ರಿಂದ 0.1. ಸ್ಟೀಲಿಗೆ ಕಟಿಂಗ್ ಆಯಿಲ್, ಅಲ್ಯೂಮಿನಿಯಂಗೆ ಸೀಮೆಎಣ್ಣೆ ಸಾಕು, ಹಿತ್ತಾಳೆ ಮತ್ತೆ ಎರಕದ ಕಬ್ಬಿಣ ಒಣಗೇ ಕಟ್ ಮಾಡಿ.

ಮೊದಲ ಜಾಬ್: 60 ಎಂಎಂ ಉದ್ದದ ಸ್ಟೆಪ್ ಪಿನ್

ಸ್ಟೆಪ್ ಪಿನ್ ಅಂದ್ರೆ ಎರಡು ಡಯಾ ಇರೋ ಪಿನ್. ಮೆಟೀರಿಯಲ್ 25 ಎಂಎಂ ಇಎನ್1ಎ (ಸುಲಭವಾಗಿ ಕಟ್ ಆಗೋ ಗ್ರೇಡ್) ಸ್ಟೀಲ್ ಇರ್ಲಿ, ಇಲ್ಲಾ ಅಲ್ಯೂಮಿನಿಯಂ 6082 ಆದ್ರೂ ಆಗುತ್ತೆ. ಸ್ಕ್ರ್ಯಾಪಲ್ಲಿ ಸಿಕ್ಕಿದ ಕಟ್ಟಡದ ಕಂಬಿ, ಹಳೇ ಆಕ್ಸಲ್ ಇಂಥದ್ರಲ್ಲಿ ಕಲೀಬೇಡಿ, ಫಿನಿಶ್ ಬರಲ್ಲ, ಆಮೇಲೆ ತಪ್ಪು ನಿಮ್ಮದಾ ಮೆಟೀರಿಯಲ್ದಾ ಅಂತ ಗೊತ್ತೇ ಆಗಲ್ಲ.

ರಾಡನ್ನ 70 ಎಂಎಂ ಆಚೆ ಬಿಟ್ಟು ತ್ರೀ ಜಾದಲ್ಲಿ ಗಟ್ಟಿ ಹಿಡೀರಿ. ಟೂಲನ್ನ ಕೈಯಲ್ಲೇ ಕೊನೇ ಜಾಗದ ತನಕ ತಂದು ಚಕ್ಕಿನ ಯಾವ ಜಾಗೂ ತಾಗಲ್ಲ ಅಂತ ನೋಡಿ. ಮೊದ್ಲು ಫೇಸಿಂಗ್, ಕ್ಯಾರೇಜ್ ಲಾಕ್ ಮಾಡಿ 0.3 ಎಂಎಂ ಕಟ್ ಕೊಟ್ಟು ಹೊರಗಿಂದ ಸೆಂಟರಿಗೆ ನಿಧಾನ ಬನ್ನಿ, ಸೆಂಟರ್ ಹತ್ರ ಬಂದಾಗ ಕೈ ಇನ್ನೂ ನಿಧಾನ.

ಆಮೇಲೆ 62 ಎಂಎಂ ಉದ್ದಕ್ಕೆ 0.5 ಎಂಎಂ ಕಟ್ ಕೊಟ್ಟು ಡಯಾ 24ಕ್ಕೆ ತನ್ನಿ (ಇಲ್ಲಿಂದ ಕಟ್ ಎಲ್ಲಾ ರೇಡಿಯಸ್ ಲೆಕ್ಕ). ಇಲ್ಲಿ ನಿಲ್ಲಿಸಿ ಎರಡು ತುದಿ ಅಳೀರಿ. ಚಕ್ ಹತ್ರ ಕಮ್ಮಿ, ಆಚೆ ತುದೀಲಿ ಜಾಸ್ತಿ ಬಂದ್ರೆ ಜಾಬ್ ಟೂಲಿನ ಒತ್ತಡಕ್ಕೆ ಬಗ್ಗಿರ್ಬೋದು, ಹಗುರ ಕಟ್ ಇನ್ನೊಂದು ಓಡಿಸಿ ನೋಡಿ. ಹಗುರ ಕಟ್ಟಲ್ಲೂ ವ್ಯತ್ಯಾಸ ಹಾಗೇ ಉಳಿದ್ರೆ ಬೆಡ್ ತಿರುಚಿಕೊಂಡಿದೆಯಾ, ಹೆಡ್‌ಸ್ಟಾಕ್ ನೇರ ಇದೆಯಾ ಅಂತ ನೋಡ್ಬೇಕು, ಮಷೀನ್ ಕಾಲುಗಳ ಲೆವೆಲ್ ಸರಿ ಮಾಡಿದ್ರೇ ಎಷ್ಟೋ ಸಲ ಸರಿಹೋಗುತ್ತೆ. ಟೇಲ್‌ಸ್ಟಾಕ್ ಸೆಂಟರ್ ಕೊಟ್ಟಾಗ ಮಾತ್ರ ಟೇಪರ್ ಬಂದ್ರೆ ಟೇಲ್‌ಸ್ಟಾಕ್ ಪಕ್ಕಕ್ಕೆ ಸರಿದಿದೆ ಅಂತರ್ಥ.

ಈಗ ಸ್ಟೆಪ್. ತುದಿಯಿಂದ 30 ಎಂಎಂಗೆ ಗುರುತು ಹಾಕಿ, ಅಲ್ಲೀತನಕ 20 ಎಂಎಂ ಡಯಾ ಬೇಕು. 1 ಎಂಎಂ ಕಟ್ ಕೊಟ್ರೆ 22, ಆಮೇಲೆ 0.5 ಕೊಟ್ರೆ 21. ಆಟೋ ಫೀಡ್ ಹಾಕಿದ್ರೆ ಗುರುತಿಗೆ 2-3 ಎಂಎಂ ಇರೋವಾಗ್ಲೇ ಬಿಡಿಸಿ ಉಳಿದಿದ್ದು ಕೈಯಲ್ಲಿ ಮುಗಿಸಿ. ಕೊನೇ 1 ಎಂಎಂ ಬಗ್ಗೆ ಸ್ವಲ್ಪ ಗಮನ ಕೊಡಿ, ಸೈಜ್ ಬರೋದು ತಪ್ಪೋದು ಇಲ್ಲೇ. ಎಷ್ಟೋ ಜನ 20.05 ತನಕ ತಂದು ಕೊನೇಗೆ 0.02 ಕಟ್ ಕೊಡ್ತಾರೆ, ಟೂಲ್ ಅಷ್ಟು ತೆಳು ಕಟ್ಟಲ್ಲಿ ಕಚ್ಚೋದೇ ಇಲ್ಲ, ಮೇಲ್ಮೇಲೆ ಉಜ್ಜುತ್ತೆ, ಇನ್ನೊಂಚೂರು ಕೊಟ್ರೆ ಒಮ್ಮೆಲೇ ಕಚ್ಚಿ ಅಂಡರ್‌ಸೈಜ್ ಆಗುತ್ತೆ. ಅದರ ಬದಲು ಉಳಿದ 1 ಎಂಎಂನ ಎರಡು ಸಮ ಕಟ್ ಮಾಡಿ. ಮೊದಲನೇ 0.25 ಕಟ್ ಕೊಟ್ಟು 20.5 ಬರ್ಬೇಕು ಅಂತ ಇಟ್ಕೊಳ್ಳಿ, ಮಷೀನ್ ನಿಲ್ಲಿಸಿ ಮೈಕ್ರೋಮೀಟರಲ್ಲಿ ಅಳೀರಿ, 20.54 ಇದ್ರೆ ಮುಂದಿನ ಕಟ್ 0.27 ಕೊಡಿ. ಎರಡೂ ಕಟ್ಟಿನ ಆಳ ಹತ್ತಿರತ್ತಿರ ಒಂದೇ ಇರೋದ್ರಿಂದ ಟೂಲು ಜಾಬು ಬಗ್ಗೋದೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಸೈಜ್ ಬಂದು ಕೂರುತ್ತೆ. ಸ್ಪೀಡು ಫೀಡು ಎರಡರಲ್ಲೂ ಒಂದೇ ಇರ್ಲಿ.

ಜಾಬ್ ಬಿಸಿ ಇರೋವಾಗ ಅಳೆದ್ರೆ ಮೋಸ ಹೋಗ್ತೀರಿ. 50 ಎಂಎಂ ಸ್ಟೀಲ್ 40 ಡಿಗ್ರಿ ಬಿಸಿ ಏರಿದ್ರೆ 0.02 ಎಂಎಂಗಿಂತ ಜಾಸ್ತಿ ದಪ್ಪ ಆಗಿರುತ್ತೆ, ತಣ್ಣಗಾದ ಮೇಲೆ ಅಷ್ಟು ಕಮ್ಮಿ ತೋರಿಸುತ್ತೆ. ಕೈಗೆ ಬೆಚ್ಚಗೂ ಅನ್ನಿಸ್ಬಾರ್ದು, ಆಗ ಅಳೀರಿ.

ಮೂಲೆಗಳಿಗೆ 45 ಡಿಗ್ರಿ ಚಾಂಫರ್ (ಓರೆ ಅಂಚು) ಕೊಟ್ಟು ಪಾರ್ಟಿಂಗಿಗೆ (ಜಾಬನ್ನ ರಾಡಿಂದ ಕತ್ತರಿಸಿ ಬೇರೆ ಮಾಡೋದು) ಬನ್ನಿ. ಪಾರ್ಟಿಂಗಿಗೆ ಎಲ್ರೂ ಹೆದರ್ತಾರೆ, ಹೆದರೋ ಕಾರಣನೂ ಇದೆ, ಬ್ಲೇಡ್ ತೆಳು, ಅದರ ಪೂರ್ತಿ ಅಗಲಕ್ಕೂ ಕಟ್ ಬೀಳುತ್ತೆ, ಚಿಪ್ಪಿಗೆ ಹೊರಗೆ ಬರೋಕೆ ಜಾಗ ಕಮ್ಮಿ. ಬ್ಲೇಡ್ ಜಾಬಿಗೆ ಸರಿಯಾಗಿ 90 ಡಿಗ್ರಿ ಇರ್ಬೇಕು, ಸೆಂಟರ್ ಹೈಟ್ ಪಕ್ಕಾ ಇರ್ಬೇಕು, ಚಕ್ಕಿಗೆ ಎಷ್ಟು ಹತ್ರ ಸಾಧ್ಯವೋ ಅಷ್ಟು ಹತ್ರ, ಕ್ಯಾರೇಜ್ ಲಾಕ್, ಸ್ಪೀಡು ಟರ್ನಿಂಗಿನ ಅರ್ಧ, ಆಯಿಲ್ ಧಾರಾಳವಾಗಿ, ಮತ್ತೆ ಫೀಡ್ ನಿಲ್ಲಿಸ್ದೇ ಒಂದೇ ಸಮ ಕೊಡ್ತಾ ಹೋಗಿ, ಹೆದರಿ ನಿಲ್ಲಿಸಿದ್ರೆ ಉಜ್ಜೋಕೆ ಶುರು ಆಗುತ್ತೆ. ಆಚೆ ತುದಿಗೆ ಟೇಲ್‌ಸ್ಟಾಕ್ ಸೆಂಟರ್ ಕೊಟ್ಟಿದ್ರೆ ಪೂರ್ತಿ ಪಾರ್ಟಿಂಗ್ ಮಾಡ್ಬೇಡಿ, ತುಂಡಾಗೋ ಹೊತ್ತಿಗೆ ಬ್ಲೇಡ್ ಮಧ್ಯ ಸಿಕ್ಕಿ ಒಡೆಯುತ್ತೆ. ನಿಮ್ಮ ಮಷೀನ್ ಸಣ್ಣದು, ನಡುಗುತ್ತೆ ಅಂದ್ರೆ ಹ್ಯಾಕ್ಸಾದಲ್ಲಿ ಕತ್ತರಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಆಮೇಲೆ ಜಾಬ್ ತಿರುಗಿಸಿ, ಫಿನಿಶ್ ಆದ ಜಾಗಕ್ಕೆ ಅಲ್ಯೂಮಿನಿಯಂ ಪಟ್ಟಿ ಸುತ್ತಿ ಹಿಡಿದು ಇನ್ನೊಂದು ಮುಖ ಫೇಸ್ ಮಾಡಿ 60ಕ್ಕೆ ತನ್ನಿ.

ಕಿರ್ರ್ ಅಂತ ಸದ್ದು ಬಂದ್ರೆ

ಅದು ಚ್ಯಾಟರ್, ಜಾಬ್ ಮೇಲೆ ಅಲೆ ಅಲೆ ಗುರುತು ಬೀಳುತ್ತೆ. ನಾನು ಹುಡುಕೋ ಕ್ರಮ ಇದು: ಮೊದ್ಲು ಟೂಲ್ ಜಾಸ್ತಿ ಚಾಚಿದೆಯಾ, ಜಾಬ್ ಜಾಸ್ತಿ ಆಚೆ ಇದೆಯಾ, ಟೂಲ್ ಪೋಸ್ಟ್ ಬೋಲ್ಟ್ ಬಿಗಿ ಇದೆಯಾ, ಸ್ಲೈಡಿನ ಗಿಬ್ (ಸ್ಲೈಡಿನ ಸಡಿಲ ಸರಿ ಮಾಡೋ ಪಟ್ಟಿ) ಸಡಿಲ ಆಗಿದೆಯಾ, ಟೂಲ್ ಮೊಂಡಾ, ಮೂಗಿನ ರೇಡಿಯಸ್ ದೊಡ್ಡದಾ. ಇಷ್ಟು ನೋಡಿದ ಮೇಲೇ ಸ್ಪೀಡಿಗೆ ಕೈ ಹಾಕಿ, ಸ್ಪೀಡು ಇಳಿಸಿ ಮತ್ತೆ ಫೀಡ್ ಸ್ವಲ್ಪ ಏರಿಸಿ. ಫೀಡ್ ಏರಿಸೋದು ಅಂದ್ರೆ ಹೊಸಬರಿಗೆ ಭಯ, ಆದ್ರೆ ತುಂಬಾ ಹಗುರ ಫೀಡಲ್ಲಿ ಟೂಲ್ ಉಜ್ಜೋದ್ರಿಂದಲೇ ಎಷ್ಟೋ ಸಲ ಈ ಸದ್ದು ಬರೋದು. ಉದ್ದ ದಾರದ ಥರ ಚಿಪ್ಸ್ ಬರ್ತಿದ್ರೂ ಇದೇ ಮದ್ದು, ಫೀಡ್ ಏರಿಸಿದ್ರೆ ಮುರಿದು ಬೀಳುತ್ತೆ.

ಕೆಲ್ಸ ಮುಗಿದ ಮೇಲೆ, ಮುಂದಿನ ಜಾಬ್

ಬ್ರಷ್ಷಲ್ಲಿ ಚಿಪ್ಸ್ ತೆಗೆದು ಬೆಡ್ ಒರೆಸಿ ಸ್ಲೈಡ್‌ವೇ ಆಯಿಲ್ ತೆಳುವಾಗಿ ಹಚ್ಚಿ. ಏರ್ ಗನ್ ಹೊಡೀಬೇಡಿ, ಸಣ್ಣ ಪುಡಿ ಎಲ್ಲಾ ಸ್ಲೈಡ್ ಒಳಗೇ ಸೇರುತ್ತೆ. ಎರಕದ ಕಬ್ಬಿಣ ಕಟ್ ಮಾಡಿದ ದಿನ ಅಥವಾ ಎಮರಿ ಹಿಡಿದ ದಿನ ಇನ್ನೂ ಚೆನ್ನಾಗಿ ಒರೆಸಿ, ಆ ಧೂಳು ಬೆಡ್ಡನ್ನ ತಿನ್ನುತ್ತೆ.

ಮುಂದಿನ ಜಾಬ್ ಥ್ರೆಡ್ ಇರ್ಲಿ, ಆದ್ರೆ ಲೀಡ್ ಸ್ಕ್ರೂ ಹಾಕಿ ಥ್ರೆಡ್ ಕಟ್ ಮಾಡೋದಕ್ಕೆ ಮೊದ್ಲು ಡೈಯಲ್ಲಿ (ರಾಡ್ ಮೇಲೆ ಥ್ರೆಡ್ ಹಾಕೋ ಟೂಲ್) ಮಾಡಿ. ಎಂ10 ಥ್ರೆಡ್ಡಿಗೆ ರಾಡನ್ನ 9.85 ರಿಂದ 9.9 ಎಂಎಂಗೆ ಟರ್ನ್ ಮಾಡಿ ತುದಿಗೆ ಚಾಂಫರ್ ಕೊಡಿ, ಪವರ್ ಪೂರ್ತಿ ಆಫ್ ಮಾಡಿ, ಡೈ ಸ್ಟಾಕಿನ (ಡೈ ಹಿಡಿಯೋ ಹ್ಯಾಂಡಲ್) ಬೆನ್ನಿಗೆ ಟೇಲ್‌ಸ್ಟಾಕ್ ಕ್ವಿಲ್ಲಿನ (ಟೇಲ್‌ಸ್ಟಾಕಿಂದ ಮುಂದೆ ಹಿಂದೆ ಬರೋ ಕೊಳವೆ) ಮುಖ ಒತ್ತಿ ಹಿಡಿದ್ರೆ ಡೈ ನೇರ ಕೂರುತ್ತೆ. ಚಕ್ಕನ್ನ ಕೈಯಲ್ಲಿ ತಿರುಗಿಸ್ತಾ ಕ್ವಿಲ್ಲನ್ನ ಡೈ ಬೆನ್ನಿಗೇ ಮುಂದಕ್ಕೆ ತಳ್ತಾ ಬನ್ನಿ, ಆಯಿಲ್ ಹಾಕಿ, ಪ್ರತಿ ಸುತ್ತಿಗೆ ಅರ್ಧ ಸುತ್ತು ವಾಪಸ್ ತಂದು ಚಿಪ್ಪು ಮುರೀರಿ. ಮುಗಿದ ಮೇಲೆ ನಟ್ ಹಾಕಿ ನೋಡಿ, ಬಿಗಿ ಬಂದ್ರೆ ಡೈ ಸ್ಟಾಕಿನ ನಡುವಿನ ಸ್ಕ್ರೂ ಸಡಿಲಿಸಿ ಪಕ್ಕದ ಎರಡು ಸ್ಕ್ರೂ ಸ್ವಲ್ಪ ಬಿಗಿ ಮಾಡಿ ಇನ್ನೊಂದು ಸಲ ಓಡಿಸಿ.